ಓದಲು ಮನಸ್ಸು ನಿಲ್ಲುತ್ತಿಲ್ಲವೇ? ಮೊದಲು ಜಾಗ ಬದಲಿಸಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕು ಎಂದುಕೊಂಡವರು ಮೊದಲು ಮಾಡುವ ಕೆಲಸ ಟೈಮ್‌ಟೇಬಲ್ ಬರೆಯುವುದು. ಬೆಳಿಗ್ಗೆ ಐದಕ್ಕೆ ಏಳಬೇಕು, ದಿನಕ್ಕೆ ಎಂಟು ಗಂಟೆ ಓದಬೇಕು. ವಾರ ಕಳೆಯುವಷ್ಟರಲ್ಲಿ ಆ ಹಾಳೆಯ ಕಡೆ ಯಾರೂ ನೋಡುವುದಿಲ್ಲ. ಆಮೇಲೆ ‘ನನಗೆ ಛಲವೇ ಇಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಛಲದ ವಿಚಾರ ಇರಲಿ, ನೀವು ಎಲ್ಲಿ ಕೂತು ಓದುತ್ತಿದ್ದೀರಿ?

ಸುತ್ತಲಿನ ಜಾಗ ನಮ್ಮ ನಡವಳಿಕೆಯನ್ನು ಎಷ್ಟು ಹಿಡಿದಿಟ್ಟಿರುತ್ತದೆ ಎಂಬುದಕ್ಕೆ ವಿಯೆಟ್ನಾಂ ಯುದ್ಧದ ಕಾಲದ ಒಂದು ಅಧ್ಯಯನವಿದೆ. 1971ರಲ್ಲಿ ಊರಿಗೆ ಮರಳಿದ ಅಮೆರಿಕದ ಸೈನಿಕರನ್ನು ಸಂಶೋಧಕಿ ಲೀ ರಾಬಿನ್ಸ್ ತಂಡ ವಿಚಾರಿಸಿತು. ಅಲ್ಲಿದ್ದಾಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಹೆರಾಯಿನ್‌ನಂಥ ಮಾದಕ ವಸ್ತುಗಳಿಗೆ ಅಂಟಿಕೊಂಡಿದ್ದರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಮಂದಿ ಮಾತ್ರ. ಸುಲಭವಾಗಿ ಸಿಗುತ್ತಿದ್ದ ಮಾಲು, ಜೊತೆಗೆ ಸೇದುತ್ತಿದ್ದವರು, ಯುದ್ಧದ ಭಯ ಎಲ್ಲವೂ ಹಿಂದೆ ಉಳಿದಿದ್ದವು. ಜಾಗವೊಂದೇ ಕಾರಣ ಎನ್ನಲಾಗದು. ಆದರೂ ಅದರ ಮುಂದೆ ನಮ್ಮ ರೀಲ್ಸ್ ಚಟ ಯಾವ ಲೆಕ್ಕ, ಅಲ್ವಾ?

ಮೊದಲು ಗಮನಿಸಿ

ಒಂದೆರಡು ದಿನ ಏನನ್ನೂ ಬದಲಿಸಬೇಡಿ. ಓದುತ್ತಾ ಎದ್ದು ಹೋದಾಗಲೆಲ್ಲ ಎಲ್ಲಿ ಕೂತಿದ್ದಿರಿ, ಏಕೆ ಎದ್ದಿರಿ ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿ. ಹಾಲ್‌ನ ಟಿವಿಯೋ, ಗೆಳೆಯನ ಫೋನೋ, ಸುಮ್ನೆ ಫ್ರಿಡ್ಜ್ ತೆರೆದು ನೋಡುವ ಆಸೆಯೋ ಗೊತ್ತಾಗುತ್ತದೆ.

ಮೊಬೈಲ್ ಬೇರೆ ಕೋಣೆಗೆ

ಸೈಲೆಂಟ್ ಮಾಡಿ ಮಗುಚಿಟ್ಟರೆ ಸಾಲದು. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟವರು, ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ನೆನಪು, ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ನಂತರದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಬಂದಿಲ್ಲ. ಬರದಿದ್ದರೂ ಎದ್ದು ಹೋಗಿ ತರಬೇಕು ಎಂಬ ಸೋಮಾರಿತನವೇ ನಿಮ್ಮ ಕೆಲಸ ಮಾಡಿಕೊಡುತ್ತದೆ. ಚಾರ್ಜರ್‌ಗೆ ಅಡುಗೆಮನೆಯಲ್ಲಿ ಕಾಯಂ ಜಾಗ ಮಾಡಿ.

ಹಾಸಿಗೆ ನಿದ್ದೆಗೆ ಮಾತ್ರ

ನಿದ್ದೆ ಬಾರದವರಿಗೆ ಮನಃಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಒಂದು ವಿಧಾನ ಹೇಳಿದರು: ಹಾಸಿಗೆಯಲ್ಲಿ ಓದು, ಊಟ, ಟಿವಿ ಬೇಡ, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಹೋಗಿ. ಇದನ್ನೇ ತಿರುಗಿಸಿ ಓದಿಗೂ ಬಳಸಬಹುದು. ಓದಿಗೆಂದು ಒಂದು ಮೂಲೆ ಇರಲಿ, ಅಲ್ಲಿ ಬೇರೇನೂ ಬೇಡ. ಹೊಸ ಮೇಜು ಕೊಳ್ಳಲು ಓಡಬೇಡಿ. ಒಂದೇ ಕೋಣೆಯ ಮನೆಯಾದರೆ ಚಾಪೆಯೇ ಸಾಕು, ಗೋಡೆಗೆ ಮುಖ ಮಾಡಿ ಕೂರಿ.

ಮನೆಯಲ್ಲಿ ಆಗದಿದ್ದರೆ

ನಾಲ್ಕು ಜನ ಓದುತ್ತಿರುವ ಕಡೆ ಕೂತರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಪಟ್ಟಣದಲ್ಲಿ ಸಾರ್ವಜನಿಕ ಗ್ರಂಥಾಲಯ ಇದ್ದೇ ಇರುತ್ತದೆ. ಎಷ್ಟೇ ಚೆನ್ನಾಗಿದ್ದರೂ ಎರಡು ಬಸ್ಸು ಬದಲಿಸಿ ಹೋಗುವ ಜಾಗ ಬೇಡ, ಮಳೆ ಬಂದ ದಿನವೇ ತಪ್ಪಿಹೋಗುತ್ತದೆ. ನಡೆದು ಹೋಗುವಷ್ಟು ಹತ್ತಿರವಿರುವುದನ್ನೇ ಆರಿಸಿ.

ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಓದುವವರು ಬಹಳ. ಅಲ್ಲಿ ಕೋಚಿಂಗ್ ಇದೆ, ರೀಡಿಂಗ್ ರೂಮ್ ಇದೆ, ಅದೇ ಗುರಿ ಇಟ್ಟುಕೊಂಡ ಸಾವಿರಾರು ಜನ ಇದ್ದಾರೆ. ಟೀ ಅಂಗಡಿಯೂ ಇದೆ ಎಂಬುದನ್ನು ಮರೆಯಬೇಡಿ! ಕಟ್‌ಆಫ್ ಎಷ್ಟು, ನೋಟಿಫಿಕೇಶನ್ ಯಾವಾಗ, ಯಾವ ನೇಮಕಾತಿ ಕೋರ್ಟ್‌ನಲ್ಲಿದೆ ಎಂಬ ಮಾತಿನಲ್ಲಿ ಸಂಜೆ ಕರಗಿಬಿಡುತ್ತದೆ. ಊರು ಬದಲಿಸಿದರಷ್ಟೇ ಸಾಲದು, ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆ ನೋಡಿಕೊಳ್ಳಬೇಕು. ನನ್ನ ಪ್ರಕಾರ ಬಾಡಿಗೆಗೆ ದುಡ್ಡು ಸುರಿಯುವ ಮೊದಲು ಒಂದು ತಿಂಗಳು ನಿಮ್ಮೂರಿನ ಗ್ರಂಥಾಲಯದಲ್ಲೇ ಕೂತು ನೋಡುವುದು ಮೇಲು. ಹೊರಡುವ ಮುನ್ನ ರಜೆ, ಸಮಯ ಕೇಳಿಕೊಳ್ಳಿ. ಅನೇಕ ಕಡೆ ಸೋಮವಾರ ಬಾಗಿಲು ಹಾಕಿರುತ್ತದೆ.