ಟ್ಯೂಬ್ ಕೊಯಾಗ್ಯುಲೇಸ್: ನಾನು ಮಾಡುವ ರೀತಿ

ಸೋಂಕು ತರುವ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್ ಯಾವುದು, ಚರ್ಮದ ಮೇಲೆ ಸುಮ್ಮನಿರುವ ಎಪಿಡರ್ಮಿಡಿಸ್ ಯಾವುದು ಎಂದು ಕಾಲೊನಿಯ ಬಣ್ಣ ನೋಡಿ ನಾನು ತೀರ್ಮಾನಿಸುವುದಿಲ್ಲ. ಹೊಂಬಣ್ಣವೇ ಬಾರದ ಆರಿಯಸ್ ಸಾಕಷ್ಟಿವೆ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುವ ಕೊಯಾಗ್ಯುಲೇಸ್ ಎಂಬ ಪ್ರೋಟೀನ್ ಆರಿಯಸ್ ಬಿಡುತ್ತದೆ, ಎಪಿಡರ್ಮಿಡಿಸ್ ಬಿಡುವುದಿಲ್ಲ; ನಾನು ನೋಡುವುದು ಅದನ್ನೇ. ಮೊದಲು ಗ್ರಾಂ ಸ್ಟೇನ್‌ನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ) ಗೊಂಚಲು, ಆಮೇಲೆ ಕ್ಯಾಟಲೇಸ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಗುಳ್ಳೆ ಎಬ್ಬಿಸುವ ಕಿಣ್ವದ ಪರೀಕ್ಷೆ. ರಕ್ತ ಬೆರೆಸಿದ ಮಾಧ್ಯಮವಾದ ಬ್ಲಡ್ ಅಗರ್‌ನಿಂದ ಕಾಲೊನಿ ಎತ್ತುವಾಗ ಅಗರ್ ಅಂಟಿ ಬರಬಾರದು. ಕೆಂಪು ರಕ್ತಕಣದಲ್ಲೂ ಕ್ಯಾಟಲೇಸ್ ಇದೆ, ಸುಳ್ಳು ಗುಳ್ಳೆ ಏಳುತ್ತದೆ.

ಗಾಜಿನ ಮೇಲೆ ಪ್ಲಾಸ್ಮಾ ಬೆರೆಸಿ ಗಂಟುಗಟ್ಟುತ್ತದೆಯೇ ಎಂದು ನೋಡುವ ಸ್ಲೈಡ್ ಪರೀಕ್ಷೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ನಿಜ. ಆದರೆ ಅದು ತೋರಿಸುವುದು ಕೋಶಕ್ಕೆ ಅಂಟಿಕೊಂಡಿದ್ದು ಅವನ್ನು ಗಂಟುಗಟ್ಟಿಸುವ ಕ್ಲಂಪಿಂಗ್ ಫ್ಯಾಕ್ಟರ್ ಎಂಬ ಪ್ರೋಟೀನ್ ಅನ್ನು ಮಾತ್ರ. ಇನ್ನೊಂದು ಸ್ಟ್ಯಾಫಿಲೊಕಾಕಸ್ ಆದ ಲುಗ್ಡುನೆನ್ಸಿಸ್ ಕೂಡ ಅಲ್ಲಿ ಪಾಸಿಟಿವ್ ಬರಬಹುದು. ಬರೀ ಸಲೈನ್‌ನಲ್ಲೇ ಗಂಟುಗಟ್ಟುವ ತಳಿಗೆ, ಉಪ್ಪು ಹೆಚ್ಚಿರುವ ಮ್ಯಾನಿಟಾಲ್ ಸಾಲ್ಟ್ ಅಗರ್‌ನಿಂದ ತೆಗೆದ ಕಾಲೊನಿಗೆ ಸ್ಲೈಡ್ ಬೇಡವೇ ಬೇಡ.

ಟ್ಯೂಬ್ ಪರೀಕ್ಷೆಗೆ, ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪು ತಡೆಯುವ ಇಡಿಟಿಎ ಸೇರಿಸಿದ ಮೊಲದ ಪ್ಲಾಸ್ಮಾ ಬಳಸುತ್ತೇನೆ. ಒಂದು ಭಾಗ ಪ್ಲಾಸ್ಮಾ, ಐದು ಭಾಗ ಸಲೈನ್, ಅದರಲ್ಲಿ 0.5 ಮಿ.ಲೀ.ಗೆ ರಾತ್ರಿಯಿಡೀ ದ್ರವ ಮಾಧ್ಯಮದಲ್ಲಿ ಬೆಳೆದ ಬ್ರಾತ್ ಕಲ್ಚರ್ 0.1 ಮಿ.ಲೀ. ಸಿಟ್ರೇಟೂ ಹಾಗೆಯೇ ಹೆಪ್ಪು ತಡೆಯುತ್ತದೆ. ಆದರೆ ಸಿಟ್ರೇಟ್ ಪ್ಲಾಸ್ಮಾದಲ್ಲಿ ಎಂಟೆರೊಕಾಕಸ್‌ನಂಥ ಬೇರೆ ಬ್ಯಾಕ್ಟೀರಿಯಾಗಳು ಸಿಟ್ರೇಟನ್ನೇ ತಿಂದು ಕ್ಯಾಲ್ಸಿಯಂ ಬಿಡಿಸುತ್ತವೆ, ಕೊಯಾಗ್ಯುಲೇಸ್ ಇಲ್ಲದೆಯೂ ಪ್ಲಾಸ್ಮಾ ಹೆಪ್ಪುಗಟ್ಟುತ್ತದೆ. ಕೊಯಾಗ್ಯುಲೇಸ್‌ಗೆ ಕ್ಯಾಲ್ಸಿಯಂ ಬೇಕಿಲ್ಲ. ಅದು ಪ್ಲಾಸ್ಮಾದ ಪ್ರೋಥ್ರಾಂಬಿನ್ ಜೊತೆ ಕೂಡಿ ನೇರವಾಗಿ ಫೈಬ್ರಿನೊಜೆನ್ ಅನ್ನು ಹೆಪ್ಪಿನ ನಾರಾದ ಫೈಬ್ರಿನ್ ಮಾಡುತ್ತದೆ. ಇಡಿಟಿಎ ಅಡ್ಡಿಯಾಗದಿರುವುದು ಇದರಿಂದಲೇ.

37 ಡಿಗ್ರಿ ವಾಟರ್ ಬಾತ್‌ನಲ್ಲಿಟ್ಟು 1, 2, 4 ಗಂಟೆಗೆ ಮೆಲ್ಲಗೆ ವಾಲಿಸಿ ನೋಡಬೇಕು. ಅಲ್ಲಾಡಿಸಿದರೆ ಎಳೆಯ ಹೆಪ್ಪು ಒಡೆಯುತ್ತದೆ, ಮತ್ತೆ ಕೂಡುವುದಿಲ್ಲ. ನಾಲ್ಕು ಗಂಟೆಯ ಓದು ತಪ್ಪಿಸಿ ಮರುದಿನ ನೋಡುವುದು ದೊಡ್ಡ ತಪ್ಪು: ಕೆಲವು ತಳಿಗಳು ಬಿಡುವ, ಹೆಪ್ಪು ಕರಗಿಸುವ ಸ್ಟ್ಯಾಫಿಲೊಕೈನೇಸ್‌ನಿಂದ ಗಟ್ಟಿಯಾದ ಹೆಪ್ಪೂ ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ, ಆರಿಯಸ್ ನೆಗೆಟಿವ್ ಆಗಿ ವರದಿಯಾಗುತ್ತದೆ. ನಾಲ್ಕು ಗಂಟೆಗೂ ನೀರಾಗಿದ್ದರೆ ಮಾತ್ರ ಕೋಣೆಯ ಉಷ್ಣತೆಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಸಣ್ಣ ಹೆಪ್ಪು ಕಂಡರೂ ಪಾಸಿಟಿವ್. ತೇಲುವ ಚೂರುಗಳು ಲೆಕ್ಕಕ್ಕಿಲ್ಲ.

ಪ್ರತಿ ಸರದಿಗೂ ಮೂರು ಕಂಟ್ರೋಲ್ (ಎಟಿಸಿಸಿ ಎಂದರೆ ಸಂಖ್ಯೆಯಿಂದ ಗುರುತಿಸುವ ಪ್ರಮಾಣಿತ ತಳಿ): ಆರಿಯಸ್ ಎಟಿಸಿಸಿ 25923 ಪಾಸಿಟಿವ್, ಎಪಿಡರ್ಮಿಡಿಸ್ ಎಟಿಸಿಸಿ 12228 ನೆಗೆಟಿವ್, ಜೊತೆಗೆ ಬರೀ ಪ್ಲಾಸ್ಮಾ.

ನೆಗೆಟಿವ್ ಬಂದಿತೆಂದು ಎಲ್ಲವನ್ನೂ ನಿರುಪದ್ರವಿ ಎಂದು ತಳ್ಳುವುದಿಲ್ಲ. ಕೃತಕ ಹೃದಯ ಕವಾಟವಿರುವ ರೋಗಿಯ ಬೇರೆ ಬೇರೆ ಬ್ಲಡ್ ಕಲ್ಚರ್‌ಗಳಲ್ಲಿ ಒಂದೇ ಎಪಿಡರ್ಮಿಡಿಸ್ ಬೆಳೆದರೆ, ಕಂಟಾಮಿನೆಂಟ್ (ಚರ್ಮದಿಂದ ಅಕಸ್ಮಾತ್ ಸೇರಿದ್ದು) ಎಂದು ಬರೆಯುವ ಮೊದಲು ವೈದ್ಯರಿಗೆ ಫೋನ್ ಮಾಡುತ್ತೇನೆ.