ಎಲ್‌ಪಿ ರೆಕಾರ್ಡ್ ಡಿಜಿಟಲ್ ಮಾಡುವಾಗ ಲೆವೆಲ್ ಹೊಂದಿಸುವುದು ಹೇಗೆ?

ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ ಅವರ ಎಲ್‌ಪಿಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಹೆಚ್ಚಿನವರು ಎಡವುವುದು ಲೆವೆಲ್, ಅಂದರೆ ದನಿ ಎಷ್ಟು ಜೋರಾಗಿ ದಾಖಲಾಗಬೇಕು ಎಂಬ ವಿಷಯದಲ್ಲಿ. ಹಿಂದೂಸ್ತಾನಿ ಗಾಯನದ ಖಯಾಲ್ ಶುರುವಾಗುವುದೇ ಮೆಲ್ಲಗೆ. ಆ ವಿಲಂಬಿತ್ (ನಿಧಾನಗತಿಯ) ಭಾಗ ಕೇಳಿ ಲೆವೆಲ್ ಏರಿಸಿಟ್ಟರೆ, ಸುಮಾರು 20 ನಿಮಿಷದ ಬಳಿಕ ದ್ರುತ್ (ವೇಗದ) ತಾನುಗಳು ತಾರ ಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ ಹೋದಾಗ ದನಿ ಒಡೆಯುತ್ತದೆ. ಆದ್ದರಿಂದ ಲೆವೆಲ್ ಇಡಬೇಕಾದ್ದು ರೆಕಾರ್ಡಿನ ಅತಿ ಜೋರಾದ ಜಾಗ ನೋಡಿ.

ಮೊದಲು ಜೋಡಣೆ. ಟರ್ನ್‌ಟೇಬಲ್‌ನ ಕಾರ್ಟ್ರಿಜ್ (ಮುಳ್ಳು ಕೂರಿಸಿದ ಭಾಗ) ಕೊಡುವುದು ಕೆಲವೇ ಮಿಲಿವೋಲ್ಟ್. ಅದು ಅದನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಮೂಲಕ ಲೈನ್ ಇನ್ ಎಂಬ ಆಡಿಯೋ ಒಳದಾರಿಗೆ ಹೋಗಬೇಕು. ಟರ್ನ್‌ಟೇಬಲ್‌ನೊಳಗೇ ಪ್ರಿಆಂಪ್ ಇದ್ದರೆ ಹೊರಗೆ ಇನ್ನೊಂದು ಬೇಡ. ಲ್ಯಾಪ್‌ಟಾಪ್‌ನ ಹೆಡ್‌ಸೆಟ್ ತೂತಿಗೆ ಚುಚ್ಚಬೇಡಿ, ಅದರ ಮೈಕ್ ಮೋನೋ. ಸ್ಟೀರಿಯೋ ಲೈನ್ ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ ತನ್ನಿ. ಗುಂಯ್ ಎಂಬ 50 ಹರ್ಟ್ಸ್ ಸದ್ದು ಕೇಳಿದರೆ ಗ್ರೌಂಡ್ ವೈರ್ ನೋಡಿ. ರೆಕಾರ್ಡನ್ನೂ ಮುಳ್ಳನ್ನೂ ಶುಚಿ ಮಾಡಿಕೊಳ್ಳಿ.

ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು. 24 ಬಿಟ್ ಆರಿಸಿ. ವಿಂಡೋಸ್‌ನಲ್ಲಿ ಮೈಕ್ ಬೂಸ್ಟ್, ಆಡಿಯೋ ಎನ್‌ಹಾನ್ಸ್‌ಮೆಂಟ್ ಎರಡನ್ನೂ ಆಫ್ ಮಾಡಿ.

ಈಗ ರೆಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಜೋರಾದ ಭಾಗದಲ್ಲಿ ಗೆರೆಗಳ ಹೊಳಪು ಪಕ್ಕದ ಭಾಗಕ್ಕಿಂತ ಬೇರೆಯಾಗಿ ಕಾಣುತ್ತದೆ. ಖಯಾಲ್ ಎಲ್‌ಪಿಯಲ್ಲಿ ಅದು ಸಾಮಾನ್ಯವಾಗಿ ಲೇಬಲ್‌ಗೆ ಹತ್ತಿರ. ಮುಳ್ಳನ್ನು ಅಲ್ಲಿ ಇಳಿಸಿ, ಆಡಾಸಿಟಿಯ ಮೀಟರ್ ನೋಡುತ್ತಾ ಇಂಟರ್‌ಫೇಸ್‌ನ ಗೇನ್ ಗುಂಡಿ (ಲೆವೆಲ್ ಏರಿಸಿ ಇಳಿಸುವುದು) ತಿರುಗಿಸಿ. ಅತಿ ಎತ್ತರದ ಪೀಕ್ (ದನಿಯ ತುದಿ) ಮೈನಸ್ 6 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿ ನಿಲ್ಲಬೇಕು. ಮೈನಸ್ 12 ಆದರೂ ಚಿಂತೆಯಿಲ್ಲ.

ಕ್ಯಾಸೆಟ್ ಕಾಲದಲ್ಲಿ ಟೇಪಿನ ಹಿಸ್ ಎಂಬ ಸದ್ದು ಮುಚ್ಚಲು ಮೀಟರಿನ ಮುಳ್ಳನ್ನು ಕೆಂಪು ಗೆರೆಯ ತನಕ ತಳ್ಳುತ್ತಿದ್ದೆವು. ಟೇಪು ಅದನ್ನು ತಾಳಿಕೊಳ್ಳುತ್ತಿತ್ತು. ಡಿಜಿಟಲ್‌ನಲ್ಲಿ 0 ಡಿಬಿಯೇ ಕೊನೆ. ಅದರ ಮೇಲಿನ ಅಲೆಯ ತಲೆ ಸಪಾಟಾಗಿ ಕತ್ತರಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮೇಲೆ ಜಾಗ ಬಿಟ್ಟರೆ ನಷ್ಟವೂ ಇಲ್ಲ. ಅತಿ ಮೆಲ್ಲನೆಯ ದನಿಯಿಂದ ಅತಿ ಜೋರಿನವರೆಗೆ 24 ಬಿಟ್‌ನ ಸೈದ್ಧಾಂತಿಕ ವ್ಯಾಪ್ತಿ 144 ಡಿಬಿ, ಒಳ್ಳೆಯ ವಿನೈಲ್‌ನದು ಸುಮಾರು 70.

ಗೀರಿನ ಒಂದು ಟಕ್ ಸದ್ದು 0 ಮುಟ್ಟಿದರೆ ಅದಕ್ಕಾಗಿ ಲೆವೆಲ್ ಇಳಿಸಬೇಡಿ. ಅದನ್ನು ಆಮೇಲೆ ಹೇಗೂ ತೆಗೆಯುತ್ತೀರಿ.

ಕೆಲವೊಮ್ಮೆ ಮೀಟರ್ 0 ಮುಟ್ಟದಿದ್ದರೂ ದನಿ ಒಡೆದಿರುತ್ತದೆ. ಅಲೆಗಳನ್ನು ದೊಡ್ಡದಾಗಿಸಿ ನೋಡಿ: ತಲೆಗಳೆಲ್ಲ ಒಂದೇ ಎತ್ತರದಲ್ಲಿ ಸಪಾಟಾಗಿದ್ದರೆ ತಪ್ಪು ಸಾಫ್ಟ್‌ವೇರಿಗಿಂತ ಮುಂಚೆಯೇ, ಪ್ರಿಆಂಪ್‌ನಲ್ಲೋ ಇಂಟರ್‌ಫೇಸ್‌ನಲ್ಲೋ ಆಗಿದೆ. ಕಂಪ್ಯೂಟರಿನ ಸ್ಲೈಡರ್ ಇಳಿಸಿ ಪ್ರಯೋಜನವಿಲ್ಲ, ಗೇನ್ ಅಲ್ಲೇ ತಗ್ಗಿಸಬೇಕು. ತಲೆಗಳು ಸರಿಯಿದ್ದೂ ದನಿ ಕರಕರ ಎಂದರೆ ಮುಳ್ಳು ಸವೆದಿರಬಹುದು.

ರೆಕಾರ್ಡಿಂಗ್ ಶುರುವಾದ ಮೇಲೆ ಗುಂಡಿ ಮುಟ್ಟಬೇಡಿ. ವಿಲಂಬಿತ್ ಮೆಲ್ಲಗಿದೆಯೆಂದು ನಡುವೆ ಏರಿಸಿದರೆ ಗಾಯಕರು ಕಟ್ಟಿದ ಏರಿಕೆಯೇ ಹಾಳಾಗುತ್ತದೆ. ಎರಡೂ ಬದಿಗೆ ಒಂದೇ ಲೆವೆಲ್ ಇರಲಿ. ಮುಗಿದ ಮೇಲೆ ಮೊದಲು ಟಕ್ ಸದ್ದುಗಳನ್ನು ತೆಗೆದು, ನಂತರ ಮೈನಸ್ 1 ಡಿಬಿಗೆ ನಾರ್ಮಲೈಸ್ ಮಾಡಿ, ಅಂದರೆ ಅತಿ ಎತ್ತರದ ಪೀಕ್ ಅಲ್ಲಿಗೆ ಬರುವಂತೆ ಇಡೀ ದನಿಯನ್ನು ಒಂದೇ ಸಮ ಏರಿಸಿ. ಎಡ ಬಲ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಏರಿಸುವ ಆಯ್ಕೆಗೆ ಟಿಕ್ ಹಾಕಬೇಡಿ. ತಿದ್ದದ ಮೂಲ ಪ್ರತಿಯನ್ನು ಫ್ಲ್ಯಾಕ್‌ನಲ್ಲಿ (ಗುಣಮಟ್ಟ ಕಳೆಯದ ಫೈಲ್ ರೂಪ) ಬೇರೆಯಾಗಿ ಉಳಿಸಿಡಿ.