ಲಿನಕ್ಸ್ ಕಲಿಯೋಕೆ ವಿಎಂ (ಇರೋ ಕಂಪ್ಯೂಟರ್ ಒಳಗೇ ಓಡೋ ವರ್ಚುವಲ್ ಕಂಪ್ಯೂಟರ್) ಸಾಕಾ, ಇನ್ನೊಂದು ಕಂಪ್ಯೂಟರ್ ಬೇಕಾ?

8 ಜಿಬಿ ರ‍್ಯಾಮ್ ಇದ್ರೆ ಮೊದಲು ವರ್ಚುವಲ್‌ಬಾಕ್ಸ್ ಅನ್ನೋ ವಿಎಂ ಸಾಫ್ಟ್‌ವೇರ್ ಹಾಕ್ಕೊಂಡೇ ಶುರು ಮಾಡಿ. ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸ್) ಹೋಗಿ ವರ್ಚುವಲೈಸೇಶನ್ ಆನ್ ಮಾಡಿ, ಲಿನಕ್ಸ್ ಮಿಂಟ್ ಅನ್ನೋ ಲಿನಕ್ಸ್ ಆವೃತ್ತಿಯ ಐಎಸ್ಒ (ಇನ್‌ಸ್ಟಾಲ್ ಫೈಲ್) ಇಳಿಸ್ಕೊಂಡು ವಿಎಂಗೆ 4 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಕೊಡಿ. ಇನ್‌ಸ್ಟಾಲ್ ಮುಗಿದ ತಕ್ಷಣ ಒಂದು ಸ್ನ್ಯಾಪ್‌ಶಾಟ್ (ವಿಎಂ ಆಗ ಹೇಗಿತ್ತೋ ಹಾಗೇ ಉಳಿಸಿಡೋ ಪ್ರತಿ) ತೆಗೆದಿಡಿ, ಇದನ್ನ ಮಾತ್ರ ಮರೀಲೇಬೇಡಿ, ನಾನೊಮ್ಮೆ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸ್ಬೇಕು ಅಂತ ಹೇಳೋ) ಫೈಲಲ್ಲಿ ಒಂದು ಸಾಲು ತಪ್ಪಾಗಿ ಬರೆದು ರೀಬೂಟ್ ಮಾಡಿದ್ರೆ ಎಮರ್ಜೆನ್ಸಿ ಮೋಡ್‌ಗೆ (ಬರೀ ಕಮಾಂಡ್ ಟೈಪ್ ಮಾಡೋ ಪರದೆ) ಬಂದು ನಿಂತ್ಬಿಡ್ತು, ಸ್ನ್ಯಾಪ್‌ಶಾಟ್ ಇದ್ದಿದ್ದಕ್ಕೆ ಎರಡೇ ನಿಮಿಷಕ್ಕೆ ಎಲ್ಲ ಮೊದಲಿನ ಹಾಗಾಯ್ತು.

ಆದ್ರೆ ಡ್ರೈವರ್, ಸಸ್ಪೆಂಡ್ ಇವೆಲ್ಲ ನಿಜವಾಗ್ಲೂ ಕಲೀಬೇಕು ಅಂದ್ರೆ ವಿಎಂ ಸಾಲಲ್ಲ, ಅದರೊಳಗೆ ವೈಫೈ ಕೂಡ ಕೇಬಲ್ ನೆಟ್‌ವರ್ಕ್ ಥರಾನೇ ಕಾಣುತ್ತೆ. ಆಗ ಎಸ್‌ಎಸ್‌ಡಿ ಇರೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ, ದುಡ್ಡು ಕೊಡೋ ಮುಂಚೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡ್ದೇನೇ ಲಿನಕ್ಸ್ ಓಡಿಸೋ ಪೆನ್‌ಡ್ರೈವ್) ಬೂಟ್ ಮಾಡಿ ವೈಫೈ, ಸೌಂಡ್ ಎರಡೂ ಚೆಕ್ ಮಾಡ್ಕೊಳ್ಳಿ.